ಏರು-ತಗ್ಗಿನ ಊರಲ್ಲಿ ಗಾಡಿ ಮಟ್ಟ ನಿಲ್ಲಿಸುವುದು: ಮೋಟರ್‌ಹೋಮ್ ಆಟೋ ಲೆವೆಲಿಂಗ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೊಡಗಿನಲ್ಲಿ ಸಮತಟ್ಟಾದ ಜಾಗ ಕಂಡರೆ ಅದು ಕಾಫಿ ಕಣ, ಗದ್ದೆ, ಇಲ್ಲವೇ ಹಾಕಿ ಮೈದಾನ. ಉಳಿದದ್ದೆಲ್ಲ ಏರು, ಇಳುಕಲು, ಬರೆ (ಕಡಿದಾದ ಮಣ್ಣಿನ ಗೋಡೆ). ಮೋಟರ್‌ಹೋಮ್ (ಒಳಗೇ ಮಲಗಿ, ಅಡುಗೆ ಮಾಡಿಕೊಳ್ಳುವ ಮನೆಗಾಡಿ) ತಂದವರು ಇಲ್ಲಿ ಮೊದಲ ರಾತ್ರಿ ಕಳೆದ ಮೇಲೆ ಕೇಳುವ ಮೊದಲ ಮಾತು, ಗಾಡಿ ತಾನಾಗಿಯೇ ಮಟ್ಟವಾಗುವ ವ್ಯವಸ್ಥೆ ಹಾಕಿಸಬಹುದಾ ಎಂದು. ಪೆಟ್ರೋಲ್ ಬಂಕಿನಲ್ಲಿ, ಫೋನಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಬಾಯಿಮಾತಿನಲ್ಲೇ ಇಟ್ಟು ಉತ್ತರಿಸಿದ್ದೇನೆ. ಹೊಸಬರು ಮೇಲಿನಿಂದ ಓದಿ. ಈಗಾಗಲೇ ಹಾಕಿಸಿಕೊಂಡವರು ನೇರವಾಗಿ ಮೂರನೇ ಭಾಗಕ್ಕೆ ಹೋಗಬಹುದು.

ಮೊದಲ ಪರಿಚಯ

ಇದೆಂತ ಸಾಮಾನು ಸಾರ್? ಗಾಡಿಗೆ ನಾಲ್ಕು ಕಾಲು ಬರ್ತದಾ?

ಹೌದು, ನಾಲ್ಕು ಕಾಲೇ. ಚಾಸಿಗೆ ಬೋಲ್ಟ್ ಹಾಕಿ ಕೂರಿಸಿದ ನಾಲ್ಕು ಜಾಕ್‌ಗಳು, ಅವನ್ನು ನಡೆಸಲು 12 ವೋಲ್ಟಿನ ಪಂಪ್ ಅಥವಾ ಮೋಟರ್, ಗಾಡಿ ಯಾವ ಕಡೆಗೆ ಎಷ್ಟು ವಾಲಿದೆ ಎಂದು ತಿಳಿಸುವ ಸೆನ್ಸರ್, ಡ್ರೈವರ್ ಸೀಟಿನ ಹತ್ತಿರ ಒಂದು ಪ್ಯಾನೆಲ್. ಗಾರೆ ಕೆಲಸದವರು ರಸಮಟ್ಟದ ಗುಳ್ಳೆ ನೋಡಿ ಮಾಡುವ ಲೆಕ್ಕವನ್ನು ಇಲ್ಲಿ ಸೆನ್ಸರ್ ಮಾಡುತ್ತದೆ. ಗುಂಡಿ ಒತ್ತಿದರೆ ಕಾಲುಗಳು ಜೋಡಿಜೋಡಿಯಾಗಿ ಇಳಿದು ನೆಲ ಮುಟ್ಟುತ್ತವೆ. ತಗ್ಗಿನ ಕಡೆ ಹೆಚ್ಚು ಎತ್ತಿ, ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ಸರಿಮಾಡಿ, ಕೊನೆಗೆ ನಾಲ್ಕೂ ಕಾಲಿನ ಮೇಲೆ ಭಾರ ಬಿದ್ದಿದೆಯೇ ಎಂದು ನೋಡಿಕೊಂಡು ನಿಲ್ಲುತ್ತದೆ. ಕೆಲವೇ ನಿಮಿಷದ ಕೆಲಸ.

ಸ್ವಲ್ಪ ವಾಲಿದ್ರೆ ಎಂತ ಆಗ್ತದೆ? ತಲೆದಿಂಬು ಏರಿನ ಕಡೆ ಹಾಕಿ ಮಲಗಿದ್ರಾಯ್ತಲ್ಲ?

ಒಂದು ರಾತ್ರಿಗೆ ಆಯ್ತು. ಆದರೆ ಗ್ಯಾಸ್‌ನಲ್ಲೂ ಓಡುವ ಅಬ್ಸಾರ್ಪ್ಷನ್ ಫ್ರಿಜ್ ನಿಮ್ಮದಾದರೆ ವಿಷಯ ಬೇರೆ. ಅದರಲ್ಲಿ ಕಂಪ್ರೆಸರ್ ಇಲ್ಲ. ಅಮೋನಿಯಾ ದ್ರಾವಣ ಕೊಳವೆಗಳಲ್ಲಿ ತನ್ನ ಭಾರದಿಂದಲೇ ಹರಿದು ವಾಪಸ್ ಬರಬೇಕು. ಸುಮಾರು 3 ಡಿಗ್ರಿಗಿಂತ ಹೆಚ್ಚು ವಾಲಿ ನಿಂತರೆ ಆ ಹರಿವು ಕೆಡುತ್ತದೆ, ಫ್ರಿಜ್ ತಂಪು ಹಿಡಿಯುವುದಿಲ್ಲ. ಹಾಗೇ ದಿನಗಟ್ಟಲೆ ಓಡಿಸಿದರೆ ಒಳಗಿನ ಕೊಳವೆ ಶಾಶ್ವತವಾಗಿ ಹಾಳಾಗಬಹುದು. ಕಂಪ್ರೆಸರ್ ಫ್ರಿಜ್‌ಗೆ ಇಷ್ಟು ರಗಳೆ ಇಲ್ಲ.

ಉಳಿದವು ಸಣ್ಣ ಕಿರಿಕಿರಿಗಳು. ಸ್ನಾನದ ನೀರು ತೂಬಿನ ಕಡೆ ಹೋಗದೆ ಮೂಲೆಯಲ್ಲಿ ನಿಲ್ಲುತ್ತದೆ. ಟ್ಯಾಂಕಿನ ಗೇಜು ಸುಳ್ಳು ಹೇಳುತ್ತದೆ. ಕಾವಲಿಗೆ ಹುಯ್ದ ದೋಸೆ ಹಿಟ್ಟು ಒಂದು ಕಡೆ ದಪ್ಪ, ಇನ್ನೊಂದು ಕಡೆ ಕರಿ.

ಎಷ್ಟು ತರ ಇದೆ, ಯಾವುದು ತಗೊಳ್ಳೋದು?

ಹೈಡ್ರಾಲಿಕ್ ಮಾದರಿಯಲ್ಲಿ ಒಂದೇ ಪಂಪ್ ಎಣ್ಣೆ ಒತ್ತಿ ನಾಲ್ಕು ಸಿಲಿಂಡರುಗಳನ್ನೂ ನಡೆಸುತ್ತದೆ. ಬಲ ಜಾಸ್ತಿ, ವೇಗವೂ ಜಾಸ್ತಿ. ಎಣ್ಣೆ, ಪೈಪು, ಸೋರಿಕೆ ಎಲ್ಲವೂ ಜೊತೆಗೆ ಬರುತ್ತವೆ. ಎಲೆಕ್ಟ್ರಿಕ್ ಮಾದರಿಯಲ್ಲಿ ಪ್ರತಿ ಕಾಲಿಗೂ ಅದರದೇ ಮೋಟರ್, ಒಳಗೆ ತಿರುಪು. ಎಣ್ಣೆಯ ಗೊಡವೆ ಇಲ್ಲ, ಆದರೆ ಕೆಸರು ತಾಗುವ ಜಾಗದಲ್ಲೇ ನಾಲ್ಕು ಮೋಟರು ಇಟ್ಟಂತೆ. ಮೂರನೆಯದು ಏರ್ ಸಸ್ಪೆನ್ಷನ್: ಗಾಳಿಚೀಲದಲ್ಲಿ ಗಾಳಿ ತುಂಬಿಸಿ ಮಟ್ಟ ಮಾಡುವುದು. ರಸ್ತೆಯಲ್ಲಿ ಸವಾರಿ ಸುಖ, ನಿಂತಾಗ ಎತ್ತುವ ಶಕ್ತಿ ಸೀಮಿತ, ಒಳಗೆ ನಡೆದಾಡಿದರೆ ಗಾಡಿ ತೂಗುವುದು ನಿಲ್ಲುವುದಿಲ್ಲ.

ನೆದರ್ಲೆಂಡ್ಸಿನ ಇ ಅಂಡ್ ಪಿ, ಜರ್ಮನಿಯ ಅಲ್-ಕೋ, ಅಮೆರಿಕದ ಲಿಪರ್ಟ್ ಈ ಕ್ಷೇತ್ರದ ಪರಿಚಿತ ಹೆಸರುಗಳು. ನನ್ನನ್ನು ಕೇಳಿದರೆ, ಮೂರೂವರೆ ಟನ್ನಿನ ಆಸುಪಾಸಿನ ಗಾಡಿಗೆ, ಈ ನೆಲಕ್ಕೆ, ಹೈಡ್ರಾಲಿಕ್. ಟಿಪ್ಪರ್, ಜೆಸಿಬಿ ರಿಪೇರಿ ಮಾಡುವ ಯಾವ ಊರಲ್ಲೂ ಹೈಡ್ರಾಲಿಕ್ ಪೈಪು ಮಾಡಿಕೊಡುವವರು ಸಿಗುತ್ತಾರೆ. ಎಲೆಕ್ಟ್ರಿಕ್ ಜಾಕಿನ ಬೋರ್ಡು ಸುಟ್ಟರೆ ಪಾರ್ಸೆಲ್ ಬರುವವರೆಗೆ ಕಾಯಬೇಕು.

ರಾಂಪೋ ಹಲಗೆಯೋ ಇಟ್ಟರೆ ಸಾಕಲ್ವಾ? ಅಷ್ಟೊಂದು ದುಡ್ಡು ಯಾಕೆ?

ಬಹಳ ಜನರಿಗೆ ಸಾಕು. ಲೆಕ್ಕ ಹಾಕಿ ನೋಡಿ. 3.35 ಮೀಟರ್ ವೀಲ್‌ಬೇಸಿನ ಗಾಡಿ ಉದ್ದಕ್ಕೆ 2 ಡಿಗ್ರಿ ವಾಲಿದ್ದರೆ ಒಂದು ತುದಿಯನ್ನು ಸುಮಾರು 12 ಸೆಂ.ಮೀ. ಎತ್ತಬೇಕು. ಮೆಟ್ಟಿಲು ಮೆಟ್ಟಿಲಾಗಿರುವ ಪ್ಲಾಸ್ಟಿಕ್ ರಾಂಪಿನಲ್ಲಿ ಇದು ಆಗುವ ಕೆಲಸ. 5 ಡಿಗ್ರಿ ಆದರೆ 29 ಸೆಂ.ಮೀ., ಅದು ರಾಂಪಿಗೆ ಮೀರಿದ್ದು. ನಾಲ್ಕು ಕಾಲಿನ ಯಂತ್ರಕ್ಕೂ ಅದು ಕೊನೆಯ ಅಂಚು.

ವರ್ಷಕ್ಕೆ ನಾಲ್ಕಾರು ರಾತ್ರಿ ಮಾತ್ರ ಗಾಡಿಯಲ್ಲಿ ಮಲಗುವವರಿಗೆ ನಾನು ರಾಂಪೇ ಹೇಳುವುದು. ಮನೆಯಲ್ಲಿ ವಯಸ್ಸಾದವರಿದ್ದು, ರಾತ್ರಿ ಮಳೆಯಲ್ಲಿ ಹಲಗೆ ಹೊಂದಿಸಲು ಯಾರೂ ಇಳಿಯಲಾಗದಿದ್ದರೆ, ಅಥವಾ ತಿಂಗಳುಗಟ್ಟಲೆ ಗಾಡಿಯಲ್ಲೇ ವಾಸವಿದ್ದರೆ, ದುಡ್ಡಿಗೆ ಅರ್ಥವಿದೆ.

ಕೂರಿಸುವ ಮೊದಲು

ತೂಕ ಎಷ್ಟು ಜಾಸ್ತಿ ಆಗ್ತದೆ?

ಗಾಡಿ, ಮಾದರಿ ನೋಡಿಕೊಂಡು 50ರಿಂದ 80 ಕೆ.ಜಿ. ಒಬ್ಬ ಪ್ರಯಾಣಿಕನನ್ನು ಶಾಶ್ವತವಾಗಿ ಗಾಡಿಯ ಅಡಿಗೆ ಕಟ್ಟಿಕೊಂಡಂತೆ. ಆರ್ಡರ್ ಕೊಡುವ ಮುಂಚೆ ನೀರಿನ ಟ್ಯಾಂಕ್, ಡೀಸೆಲ್, ಗ್ಯಾಸ್, ಸಾಮಾನು ಎಲ್ಲ ತುಂಬಿ, ಮನೆಮಂದಿಯನ್ನೂ ಕೂರಿಸಿ ತೂಕ ಹಾಕಿಸಿ. ಕುಶಾಲನಗರದ ಕೂಡ್ಲೂರು ಕೈಗಾರಿಕಾ ಪ್ರದೇಶದ ಕಡೆ ಕಾಫಿ ಲಾರಿಗಳಿಗಾಗಿಯೇ ವೇಬ್ರಿಡ್ಜ್ ಇವೆ. ಇಡೀ ಗಾಡಿಯ ತೂಕ ಒಮ್ಮೆ, ಮುಂದಿನ ಚಕ್ರ ಮಾತ್ರ ಏರಿಸಿ ಒಮ್ಮೆ, ಹಿಂದಿನದು ಮಾತ್ರ ಏರಿಸಿ ಒಮ್ಮೆ. ಒಟ್ಟು ತೂಕ ಮಿತಿಯೊಳಗಿದ್ದೂ ಹಿಂದಿನ ಆಕ್ಸಲ್ ಮಿತಿ ದಾಟಿರುವ ಗಾಡಿಗಳು ಕಡಿಮೆ ಏನಿಲ್ಲ. ಹಿಂದೆ ಸ್ಟೆಪ್ನಿ, ಬೈಕು, ನೀರು ಎಲ್ಲ ಹೇರಿರುತ್ತಾರೆ.

ನಮ್ಮೂರ ವರ್ಕ್‌ಶಾಪಲ್ಲಿ ಟಿಪ್ಪರ್ ಪಂಪು, ಜೆಸಿಬಿ ಕಾಲು ಸೇರಿಸಿ ಅರ್ಧ ರೇಟಿಗೆ ಮಾಡಿಕೊಡ್ತಾರಂತೆ. ಮಾಡಿಸಬಹುದಾ ಅಣ್ಣ?

ಎತ್ತುವುದೇನೋ ಎತ್ತುತ್ತದೆ. ನಮ್ಮ ಲೇತ್ ಕೆಲಸದವರ ಕೈ ಚಳಕದ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಕಂಪನಿ ಸಾಮಾನಿನಲ್ಲಿ ನೀವು ದುಡ್ಡು ಕೊಡುವುದು ಎತ್ತುವುದಕ್ಕಲ್ಲ, ಎತ್ತಿದ್ದು ಬೀಳದಿರುವುದಕ್ಕೆ. ವರ್ಕ್‌ಶಾಪಿನವರನ್ನು ಮೂರು ಪ್ರಶ್ನೆ ಕೇಳಿ. ಪೈಪು ಒಡೆದರೆ ಕಾಲಿನಲ್ಲಿರುವ ಎಣ್ಣೆಯನ್ನು ಅಲ್ಲೇ ಹಿಡಿದಿಡುವ ಲಾಕ್ ವಾಲ್ವ್ ಪ್ರತಿ ಸಿಲಿಂಡರಿಗೂ ಇದೆಯಾ? ಕಾಲು ಇಳಿದಿರುವಾಗ ಗಾಡಿ ಹೊರಟರೆ ಕೂಗುವ ಅಲಾರಂ ಇದೆಯಾ? ಹ್ಯಾಂಡ್‌ಬ್ರೇಕ್ ಹಾಕದಿದ್ದರೆ ಪಂಪ್ ಓಡದಂತೆ ವೈರಿಂಗ್ ಮಾಡುತ್ತಾರಾ? ಒಂದಕ್ಕೆ ‘ಅದೆಲ್ಲ ಬೇಡ ಸಾರ್’ ಎಂದು ಉತ್ತರ ಬಂದರೂ ಎದ್ದು ಬನ್ನಿ.

ವೆಲ್ಡಿಂಗ್ ಮಾತು ಬಂದರಂತೂ ಕೂಡಲೇ. ಚಾಸಿಯ ಉದ್ದಪಟ್ಟಿಗೆ ವೆಲ್ಡಿಂಗ್ ಮಾಡಿದರೆ ಕಾವಿಗೆ ಉಕ್ಕಿನ ಗುಣವೇ ಬದಲಾಗಿ ಅಲ್ಲಿಂದಲೇ ಬಿರುಕು ಶುರುವಾಗುತ್ತದೆ. ಆ ಚಾಸಿಗೆಂದೇ ಮಾಡಿದ ಬ್ರಾಕೆಟ್ ಇರಬೇಕು, ಬೋಲ್ಟಿನಲ್ಲಿ ಕೂರಬೇಕು, ತೂತು ಕೊರೆಯಲೇಬೇಕಿದ್ದರೆ ಪಟ್ಟಿಯ ನಿಂತ ಮುಖದಲ್ಲಿ, ಗಾಡಿ ತಯಾರಕರು ಒಪ್ಪಿದ ಜಾಗದಲ್ಲಿ. ಮೇಲಿನ, ಕೆಳಗಿನ ಮಡಿಕೆಗಳನ್ನು ಮುಟ್ಟಬಾರದು.

ಆರ್‌ಟಿಒದವರು ತಕರಾರು ಮಾಡ್ತಾರಾ?

ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿ ಎತ್ತಿಹಿಡಿದಿದೆ. ಮೋಟರ್‌ಹೋಮ್‌ಗಳಿಗೆ ಎಐಎಸ್-124 ಎಂಬ ಪ್ರತ್ಯೇಕ ಮಾನದಂಡ ಇದೆ. ಹಾಗಾಗಿ ಒಳ್ಳೆಯ ದಾರಿಯೆಂದರೆ, ಗಾಡಿ ಕಟ್ಟಿಸುವಾಗಲೇ ಲೆವೆಲಿಂಗ್ ಸೇರಿಸಿ, ಕಟ್ಟುವವರೇ ಅನುಮೋದನೆಯ ಕಾಗದದಲ್ಲಿ ಅದನ್ನು ತೋರಿಸುವಂತೆ ಮಾಡುವುದು. ಈಗಾಗಲೇ ಓಡುತ್ತಿರುವ ಗಾಡಿಗೆ ಹಾಕಿಸುವುದಾದರೆ ಮೊದಲು ನಿಮ್ಮ ನೋಂದಣಿ ಕಚೇರಿಯಲ್ಲಿ ಲಿಖಿತವಾಗಿ ಕೇಳಿ. ಕೆಎ 12 ಗಾಡಿಯಾದರೆ ಮಡಿಕೇರಿಯಲ್ಲಿ. ವಿಮಾ ಕಂಪನಿಗೂ ಪತ್ರ ಬರೆದು ಒಪ್ಪಿಗೆ ಇಟ್ಟುಕೊಳ್ಳಿ.

ನಮ್ಮ ತೋಟದ ರಸ್ತೆಯಲ್ಲಿ ಅಡಿ ತಾಗುತ್ತಾ?

ತಾಗಬಹುದು. ಮುಂದಿನ ಕಾಲುಗಳು ಸಾಮಾನ್ಯವಾಗಿ ಮುಂದಿನ ಚಕ್ರದ ಹಿಂದೆ, ಹಿಂದಿನವು ಹಿಂದಿನ ಚಕ್ರದಾಚೆ ಕೂರುತ್ತವೆ. ಹಿಂಬದಿ ಉದ್ದವಿರುವ ಗಾಡಿಯಲ್ಲಿ ಹೊಳೆಬದಿಯ ಕಿರುಸೇತುವೆ ದಾಟಿ ಏರು ಹತ್ತುವಾಗ ಮೊದಲು ನೆಲ ಕೆರೆಯುವುದು ಆ ಹಿಂದಿನ ಕಾಲಿನ ಪಾದವೇ. ಮೇಲಕ್ಕೆ ಮಡಚಿಕೊಳ್ಳುವ ಕಾಲು ಬೇಕಾ, ನೇರ ಏರಿಳಿಯುವುದು ಸಾಕಾ ಎಂಬುದನ್ನು ನಿಮ್ಮ ಗೇಟಿನ ಏರು ನೋಡಿ ತೀರ್ಮಾನಿಸಿ. ಪೈಪುಗಳು ಸೈಲೆನ್ಸರಿನಿಂದ ದೂರ ಹೋಗಿವೆಯಾ ಎಂದು ನೀವೇ ಟಾರ್ಚ್ ಹಿಡಿದು ನೋಡಿ.

ಲಿಥಿಯಂ ಬ್ಯಾಟರಿ ಇದೆ. ಸಾಕಲ್ಲ?

ಶೇಖರಣೆ ಸಾಕು, ಒಮ್ಮೆಲೇ ಕೊಡುವ ಶಕ್ತಿ ಸಾಲದಿರಬಹುದು. ಹೈಡ್ರಾಲಿಕ್ ಪಂಪ್ ಭಾರ ಎತ್ತುವಾಗ 100 ಆಂಪಿಯರ್ ದಾಟಿ ಎಳೆಯುತ್ತದೆ. ಹಲವು ಲಿಥಿಯಂ ಬ್ಯಾಟರಿಗಳ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಒಳಗಿನ ಸರ್ಕ್ಯೂಟ್) ಅಷ್ಟರಲ್ಲೇ ಕಡಿದುಕೊಳ್ಳುತ್ತದೆ. ಕಾಲು ಅರ್ಧ ಎತ್ತಿದ ಹೊತ್ತಿನಲ್ಲಿ ಗಾಡಿಯೊಳಗೆಲ್ಲ ಕತ್ತಲೆ! ಹೀಗಾಗಿ ಪಂಪನ್ನು ಎಂಜಿನ್ ಬ್ಯಾಟರಿಗೆ ಕೊಡುವುದೇ ರೂಢಿ. ದಪ್ಪ ಕೇಬಲ್, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್. ಮಟ್ಟ ಮಾಡುವಾಗ ಎಂಜಿನ್ ಓಡಿಸಬೇಕೇ ಬೇಡವೇ ಎಂಬುದನ್ನು ಆಯಾ ಕಂಪನಿಯ ಪುಸ್ತಕ ಹೇಳುತ್ತದೆ.

ಜಾಗಕ್ಕೆ ಬಂದ ಮೇಲೆ

ಇಳಿಜಾರಿನಲ್ಲಿ ಮೂತಿ ಯಾವ ಕಡೆ ಮಾಡಿ ನಿಲ್ಲಿಸಬೇಕು?

ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ. ಮೂತಿ ತಗ್ಗಿಗೆ.

ಕಾರಣ ಇಷ್ಟೇ. ಯಂತ್ರ ಎತ್ತುವುದು ತಗ್ಗಿನ ಕಡೆಯನ್ನು. ನಮ್ಮಲ್ಲಿ ಮೋಟರ್‌ಹೋಮ್ ಆಗುವ ಹೆಚ್ಚಿನ ವ್ಯಾನುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು. ಹಿಂದಿನ ಚಕ್ರಕ್ಕೇ ಎಳೆತ ಇರುವ ಗಾಡಿಯಾದರೆ ಗೇರಿನಲ್ಲಿ ಹಾಕಿ ನಿಲ್ಲಿಸಿದರೂ ಹಿಡಿತ ಇರುವುದು ಅಲ್ಲೇ. ಹಿಂಭಾಗ ತಗ್ಗಿಗಿದ್ದು ಅದನ್ನು ಎತ್ತಿದಿರೋ, ಹಿಂದಿನ ಚಕ್ರ ನೆಲ ಬಿಡುತ್ತದೆ. ಬ್ರೇಕೂ ಇಲ್ಲ, ಗೇರೂ ಇಲ್ಲ. ಮೂರೂವರೆ ಟನ್ ಗಾಡಿ ನಾಲ್ಕು ತೆಳು ಕಾಲಿನ ಮೇಲೆ, ಮುಂದೆ ಬಿಡುವಾಗಿ ಉರುಳುವ ಎರಡು ಚಕ್ರದ ಮೇಲೆ, ಇಳಿಜಾರಿನಲ್ಲಿ ನಿಂತಿರುತ್ತದೆ. ಕಾಲುಗಳು ನೇರ ಕೆಳಗೆ ಒತ್ತಲು ಮಾಡಿದವು. ಅಡ್ಡ ಬಲ ತಡೆಯಲು ಮಾಡಿದವಲ್ಲ, ಬಾಗುತ್ತವೆ. ಮೂತಿ ತಗ್ಗಿಗಿದ್ದರೆ ಎತ್ತುವುದು ಮುಂಭಾಗವನ್ನು, ಹಿಂದಿನ ಚಕ್ರ ಬ್ರೇಕಿನ ಸಮೇತ ನೆಲ ಕಚ್ಚಿಕೊಂಡಿರುತ್ತದೆ.

ಅಷ್ಟಾದ ಮೇಲೂ ಗುಂಡಿ ಒತ್ತುವ ಮುಂಚೆ ಹಿಂದಿನ ಎರಡೂ ಚಕ್ರದ ತಗ್ಗಿನ ಬದಿಗೆ ಅಡ್ಡ ಕೊಡಿ. ಬಸ್ಸಿನ ಕಂಡಕ್ಟರ್ ಕಲ್ಲು ಕೊಡುವುದಿಲ್ಲವೇ, ಅದೇ ಕೆಲಸ. ಆದರೆ ಉರುಟು ಕಲ್ಲು ಬೇಡ, ಓರೆ ಕತ್ತರಿಸಿದ ಮರದ ತುಂಡು ಇಟ್ಟುಕೊಳ್ಳಿ. ಮಟ್ಟವಾದ ಮೇಲೆ ಇಳಿದು ಒಂದು ಸುತ್ತು ಬನ್ನಿ. ಹಿಂದಿನ ಟಯರ್ ನೆಲಕ್ಕೆ ಚಪ್ಪಟೆಯಾಗಿ ಕೂತಿದೆಯಾ, ಬರಿದೆ ತಾಗುತ್ತಿದೆಯಾ ಎಂದು ಕಾಲಿನಿಂದ ಒದ್ದು ನೋಡಿ. ಪ್ಯಾನೆಲ್ ‘ಹೆಚ್ಚು ಇಳಿಜಾರು’ ಎಂದು ತಪ್ಪು ತೋರಿಸಿದರೆ ಅದರ ಜೊತೆ ವಾದ ಬೇಡ, ಜಾಗ ಬದಲಿಸಿ. 5 ಡಿಗ್ರಿಯ ಇಳಿಜಾರಿನಲ್ಲಿ ಮಟ್ಟ ಮಾಡಿದರೆ ಮುಂದಿನ ಚಕ್ರ ಗಾಳಿಯಲ್ಲಿ ಗೇಣುದ್ದ ನೇತಾಡುತ್ತದೆ, ಬಾಗಿಲಿನ ಮೆಟ್ಟಿಲು ಮೊಣಕಾಲಿನ ಮೇಲೆ ಹೋಗುತ್ತದೆ. ಅಜ್ಜಿಯನ್ನು ಹತ್ತಿಸುವುದು ಹೇಗೆ?

ಮಾವನ ತೋಟದ ಕಣದಲ್ಲಿ ನಿಲ್ಲಿಸಬಹುದಲ್ಲ, ಸಿಮೆಂಟ್ ಹಾಕಿದ್ದು?

ಮಾವ ಒಪ್ಪಿದರೆ. ಕಣಕ್ಕಿಂತ ಒಳ್ಳೆಯ ಜಾಗ ಈ ಜಿಲ್ಲೆಯಲ್ಲಿಲ್ಲ; ನೀರು ಹರಿಯಲು ಕೊಟ್ಟ ಸಣ್ಣ ಓರೆ ಮಾತ್ರ ಇರುತ್ತದೆ, ಅದನ್ನು ಯಂತ್ರ ಸಲೀಸಾಗಿ ಸರಿ ಮಾಡುತ್ತದೆ. ಆದರೆ ಅರೇಬಿಕಾ ಕೊಯ್ಲು ಶುರುವಾದಲ್ಲಿಂದ ರೊಬಸ್ಟಾ ಒಣಗಿ ಮುಗಿಯುವ ತನಕ, ಅಂದಾಜು ನವೆಂಬರಿನಿಂದ ಮಾರ್ಚಿನವರೆಗೆ, ಕಣದ ಮೇಲೆ ಕಾಫಿ ಇರುತ್ತದೆ. ಬೇರೆ ತಿಂಗಳಲ್ಲಿ ಹೋದರೂ ಎರಡು ವಿಷಯ. ಹಳೇ ಕಣದ ಸಿಮೆಂಟು ಕಾಫಿ ಹರಡಲು ಹಾಕಿದ್ದು, ತೆಳು. ಪಾದದ ಕೆಳಗೆ ಹಲಗೆ ಇಲ್ಲದಿದ್ದರೆ ಬಿರುಕು ಬಿಡುತ್ತದೆ. ಮತ್ತೆ ಎಣ್ಣೆ. ಸೀಲಿನಿಂದ ಜಿನುಗಿದ ಹೈಡ್ರಾಲಿಕ್ ಆಯಿಲ್ ಸಿಮೆಂಟಿಗೆ ಇಳಿದರೆ ಮುಂದಿನ ಸಲ ಅದರ ಮೇಲೆ ಒಣಗುವ ಪಾರ್ಚ್‌ಮೆಂಟಿಗೆ (ಹಣ್ಣಿನ ಸಿಪ್ಪೆ ತೆಗೆದು ತೊಳೆದ ಕಾಫಿ ಬೀಜಕ್ಕೆ) ವಾಸನೆ. ಪ್ರತಿ ಕಾಲಿನ ಕೆಳಗೂ ಹಳೇ ಟಾರ್ಪಾಲಿನ ತುಂಡು ಹಾಸಿ, ಸಂಬಂಧ ಉಳಿಯುತ್ತದೆ.

ಮಳೆಗಾಲದಲ್ಲಿ ಕಾಲು ಮಣ್ಣಲ್ಲಿ ಹೂತು ಹೋಗ್ತದಲ್ಲ, ಎಂತ ಮಾಡೋದು?

ಒತ್ತಡ ಹಂಚಬೇಕು. ಪಾದ 20 ಸೆಂ.ಮೀ. ಅಗಲದ ದುಂಡು ತಟ್ಟೆ, ಅದರ ಮೇಲೆ ಒಂದು ಟನ್ ಭಾರ ಬಿದ್ದರೆ ಪ್ರತಿ ಚದರ ಸೆಂಟಿಮೀಟರಿಗೆ 3 ಕೆ.ಜಿ.ಗೂ ಮೇಲೆ. ಜೂನ್ ಕಳೆದ ಮೇಲಿನ ನಮ್ಮ ಕೆಂಪು ಮಣ್ಣು ಅದನ್ನು ತಡೆಯುವುದಿಲ್ಲ. ಕೆಳಗೆ 40 ಸೆಂ.ಮೀ. ಚೌಕದ ಹಲಗೆ ಇಟ್ಟರೆ ಅದೇ ಭಾರ 0.6 ಕೆ.ಜಿ.ಗೆ ಇಳಿಯುತ್ತದೆ. ತೋಟದಲ್ಲಿ ಸಿಗುವ ಸಿಲ್ವರ್ ಓಕ್ ಹಲಗೆ ಎಳೆ ಹಿಡಿದು ಸೀಳುತ್ತದೆ, 18 ಮಿ.ಮೀ. ಮರೈನ್ ಪ್ಲೈವುಡ್ಡನ್ನು ಎರಡು ಪದರ ಅಂಟಿಸಿ, ಮೂಲೆಗೆ ತೂತು ಮಾಡಿ ಹಗ್ಗ ಕಟ್ಟಿಟ್ಟುಕೊಳ್ಳಿ. ಬೆಳಿಗ್ಗೆ ಕೆಸರಿನಿಂದ ಕೀಳಲು ಆ ಹಗ್ಗವೇ ಗತಿ.

ಹಲಗೆ ಎಷ್ಟೇ ದೊಡ್ಡದಿದ್ದರೂ ಒಂದು ಕಡೆ ಬೇಡ: ಗುಡ್ಡ ಕಡಿದು ಆ ಮಣ್ಣನ್ನು ಹೊರಗೆ ಚೆಲ್ಲಿ ಮಾಡಿದ ತಟ್ಟಿನ ಅಂಚು. ನೋಡಲು ಅದು ಚಂದದ ಸಮತಟ್ಟು, ಕಣಿವೆಯ ನೋಟವೂ ಅಲ್ಲೇ. ಆದರೆ ಅದು ತುಂಬಿಸಿದ ಮಣ್ಣು. 2018ರ ಆಗಸ್ಟಿನಲ್ಲಿ ಮಡಿಕೇರಿ ಸುತ್ತಮುತ್ತ ಗುಡ್ಡಗಳೇ ಜರಿದದ್ದನ್ನು ಕಂಡ ಮೇಲೆ ಬರೆಯ ಬುಡದಲ್ಲೂ ತಟ್ಟಿನ ತುದಿಯಲ್ಲೂ ಮಳೆಗಾಲದಲ್ಲಿ ಗಾಡಿ ನಿಲ್ಲಿಸಬೇಡಿ ಎಂದೇ ಎಲ್ಲರಿಗೂ ಹೇಳುತ್ತೇನೆ.

ಆನೆ ಬಂದ್ರೆ ಕೂಡ್ಲೇ ಹೊರಡ್ಬಹುದಾ?

ಇಲ್ಲ. ನಾಲ್ಕೂ ಕಾಲು ಪೂರ್ತಿ ಒಳಗೆ ಹೋಗಲು ಒಂದೆರಡು ನಿಮಿಷ ಬೇಕು, ಪಂಪಿನ ಸದ್ದು ಬೇರೆ, ಚಕ್ರಕ್ಕೆ ಕೊಟ್ಟ ಅಡ್ಡ ತೆಗೆಯಲು ಯಾರಾದರೂ ಇಳಿಯಬೇಕು. ಕಾಲು ಇಳಿದಿರುವಾಗಲೇ ಗಾಡಿ ಎಳೆದರೆ ಕಾಲು ಬಾಗಿ ಅಲ್ಲೇ ಸಿಕ್ಕಿಬೀಳುತ್ತೀರಿ. ಸಿದ್ದಾಪುರ, ಮಾಲ್ದಾರೆ, ತಿತಿಮತಿ, ಕುಟ್ಟ ಕಡೆ ರಾತ್ರಿ ನಿಲ್ಲುವುದಾದರೆ ಸೋಲಾರ್ ಬೇಲಿಯ ಒಳಗೆ, ಮನೆಯ ಅಂಗಳದಲ್ಲಿ, ಮನೆಯವರನ್ನು ಕೇಳಿ. ಹಲಸು ಹಣ್ಣಾಗುವ ಕಾಲದಲ್ಲಿ ಹಲಸಿನ ಮರದ ಹತ್ತಿರ ಎಷ್ಟೇ ಒಳ್ಳೇ ಜಾಗ ಇದ್ದರೂ ಬೇಡ. ಆ ಜಾಗಕ್ಕೆ ನಿಮಗಿಂತ ಮುಂಚೆ ಬುಕಿಂಗ್ ಆಗಿದೆ.

ಒಂದೇ ಮೂಲೆ ತಗ್ಗಿದೆ. ಮ್ಯಾನುವಲ್‌ಗೆ ಹಾಕಿ ಆ ಕಾಲು ಮಾತ್ರ ಎತ್ಲಾ?

ಬೇಡ. ಒಂದೇ ಮೂಲೆ ಎತ್ತಿದರೆ ಚಾಸಿ ತಿರುಚಿಕೊಳ್ಳುತ್ತದೆ. ಮುಂದಿನ ಗಾಜು ಸೀಳಬಹುದು, ಕಪಾಟಿನ ಬಾಗಿಲು ಹಾಕಿಕೊಳ್ಳುವುದಿಲ್ಲ, ಛಾವಣಿಯ ಅಂಟು ಬಿಟ್ಟು ಮುಂದಿನ ಮಳೆಗೆ ಸೋರುತ್ತದೆ. ಯಾವಾಗಲೂ ಎರಡೆರಡು ಕಾಲು: ಮುಂದಿನ ಜೋಡಿ, ಹಿಂದಿನ ಜೋಡಿ, ಎಡ ಜೋಡಿ, ಬಲ ಜೋಡಿ. ಆ ಮೂಲೆಯಲ್ಲಿ ಗುಂಡಿ ಇದ್ದರೆ ಕಾಲಿನ ಕೆಳಗೆ ಹಲಗೆ ಪೇರಿಸಿ ನೆಲವನ್ನೇ ಎತ್ತರ ಮಾಡಿ.

ಕೈಕೊಟ್ಟಾಗ

ಪ್ಯಾನೆಲ್ ಹಸಿರು ತೋರಿಸ್ತದೆ, ಆದರೆ ಲೋಟದ ನೀರು ಓರೆ. ಯಾವುದು ಸರಿ?

ಲೋಟ. ಸೆನ್ಸರಿಗೆ ‘ಮಟ್ಟ’ ಎಂದರೆ ಯಾವುದು ಎಂದು ಒಮ್ಮೆ ಕಲಿಸಿಕೊಡಬೇಕು, ಅದು ತಪ್ಪಿದೆ. ಗಟ್ಟಿ ನೆಲದಲ್ಲಿ ನಿಲ್ಲಿಸಿ, ಫ್ರಿಜ್‌ನ ಒಳತಳದಲ್ಲಿ ರಸಮಟ್ಟ ಇಟ್ಟು, ಮ್ಯಾನುವಲ್‌ನಲ್ಲಿ ಉದ್ದಕ್ಕೂ ಅಡ್ಡಕ್ಕೂ ಗುಳ್ಳೆ ನಡುವಿಗೆ ತನ್ನಿ. ಆಮೇಲೆ ಪುಸ್ತಕದಲ್ಲಿ ಹೇಳಿದ ಗುಂಡಿಗಳನ್ನು ಒತ್ತಿ ಅದನ್ನೇ ಸೊನ್ನೆ ಎಂದು ಉಳಿಸಿ. ಸೆನ್ಸರ್ ಪೆಟ್ಟಿಗೆ ಸಡಿಲವಾಗಿದ್ದರೆ ಇದನ್ನು ಎಷ್ಟು ಸಲ ಮಾಡಿದರೂ ವ್ಯರ್ಥ, ಮೊದಲು ಸ್ಕ್ರೂ ಬಿಗಿ ಮಾಡಿ.

ರಾತ್ರಿ ಸರಿ ಇತ್ತು, ಬೆಳಿಗ್ಗೆ ಸ್ವಲ್ಪ ಇಳಿದಿತ್ತು. ಸೋರ್ತಿದೆಯಾ?

ಚಳಿಗಾಲವಾದರೆ ಬಹುಶಃ ಇಲ್ಲ. ಎಣ್ಣೆ ತಣ್ಣಗಾದಾಗ ಕುಗ್ಗುತ್ತದೆ. ಸಿಲಿಂಡರಿನಲ್ಲಿ 30 ಸೆಂ.ಮೀ. ಎಣ್ಣೆ ನಿಂತಿದ್ದು 15 ಡಿಗ್ರಿ ಸೆಲ್ಸಿಯಸ್ ತಂಪಾದರೆ ಸುಮಾರು 3 ಮಿ.ಮೀ. ಇಳಿಯುತ್ತದೆ. ಡಿಸೆಂಬರಿನ ಮಡಿಕೇರಿಯಲ್ಲಿ ಇದು ಮಾಮೂಲು. ಒಂದೇ ಕಾಲು, ಬೆರಳಗಲಕ್ಕಿಂತ ಹೆಚ್ಚು, ದಿನಾ ಇಳಿಯುತ್ತಿದ್ದರೆ ಆ ಕಾಲಿನ ವಾಲ್ವಿನಲ್ಲಿ ಕಸ ಕೂತಿದೆ ಅಥವಾ ಸೀಲು ಹೋಗಿದೆ. ಮೊದಲು ಪಾದದ ಗುರುತು ನೋಡಿ. ಇಳಿದದ್ದು ಕಾಲಲ್ಲ, ನೆಲವೂ ಇರಬಹುದು.

ಕಾಲು ಮೇಲೆ ಹೋಗ್ತಾನೇ ಇಲ್ಲ, ಕುಟ್ಟದಲ್ಲಿ ಸಿಕ್ಕಿಹಾಕ್ಕೊಂಡಿದ್ದೀನಿ!

ಎಂಜಿನ್ ಸ್ಟಾರ್ಟ್ ಮಾಡಿ ಮತ್ತೆ ಪ್ರಯತ್ನಿಸಿ. ಅರ್ಧ ಕೇಸು ಬ್ಯಾಟರಿ ಇಳಿದದ್ದೇ. ಪಂಪಿನ ಸದ್ದೇ ಇಲ್ಲವೆಂದರೆ ಫ್ಯೂಸ್, ಆಮೇಲೆ ಅರ್ತ್ ಬೋಲ್ಟು. ನಮ್ಮ ಮಳೆಗೆ ಅರ್ತ್ ಬೋಲ್ಟು ತುಕ್ಕು ಹಿಡಿಯುವುದು ಬಹಳ ಬೇಗ. ಪಂಪ್ ಓಡಿಯೂ ಕಾಲು ಕದಲದಿದ್ದರೆ ಟ್ಯಾಂಕಿನ ಎಣ್ಣೆ ನೋಡಿ. ಇದ್ಯಾವುದೂ ಆಗದಿದ್ದರೆ ಕೈಯಿಂದ ಬಿಡಿಸುವ ದಾರಿ ಸಾಮಾನ್ಯವಾಗಿ ಇರುತ್ತದೆ: ಸ್ಪ್ರಿಂಗ್ ಇರುವ ಕಾಲಾದರೆ ಬಿಡುಗಡೆ ವಾಲ್ವ್ ತೆರೆದರೆ ತಾನೇ ಮೇಲೆ ಹೋಗುತ್ತದೆ, ಇಲ್ಲದಿದ್ದರೆ ಕೈಪಂಪ್ ಅಥವಾ ಡ್ರಿಲ್ ಹಾಕಿ ತಿರುಗಿಸುವ ತಲೆ. ಎಲೆಕ್ಟ್ರಿಕ್ ಮಾದರಿಯಲ್ಲಿ ಮೋಟರಿನ ತುದಿಗೆ ಸ್ಪಾನರ್. ಹಾಕಿಸಿದ ದಿನವೇ ಕೂರಿಸಿದವರ ಎದುರು ಇದನ್ನು ನಿಮ್ಮ ಕೈಯಿಂದ ಒಮ್ಮೆ ಮಾಡಿ ನೋಡಿ. ಮಳೆಯಲ್ಲಿ, ಜಿಗಣೆಗಳ ನಡುವೆ ಗಾಡಿಯ ಅಡಿ ಮಲಗಿ ಪುಸ್ತಕ ಓದುವ ಪಾಡು ಬೇಡ.

ಕಾಲಿಗೆ ಗ್ರೀಸ್ ಹಚ್ಚಬೇಕಾ?

ಹೊಳೆಯುವ ರಾಡಿಗೆ ಗ್ರೀಸ್ ಹಚ್ಚಬೇಡಿ, ಅದಕ್ಕೆ ಮರಳು ಅಂಟಿ ಸೀಲನ್ನು ಉಜ್ಜಿ ತಿನ್ನುತ್ತದೆ. ಬಟ್ಟೆಯಿಂದ ಒರೆಸಿ, ಒಣ ಸಿಲಿಕೋನ್ ಸ್ಪ್ರೇ ಹೊಡೆಯಿರಿ. ಎಣ್ಣೆ ಕಂಪನಿ ಹೇಳಿದ್ದೇ ಇರಲಿ. ಅಮೆರಿಕದ ಹಲವು ಮಾದರಿಗಳಿಗೆ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ) ಬೇಕು, ಬೇರೆಯವಕ್ಕೆ ಅದು ಆಗದು. ಎಣ್ಣೆ ಮಟ್ಟ ನೋಡುವುದು ನಾಲ್ಕೂ ಕಾಲು ಒಳಗಿರುವಾಗ. ಕಾಲು ಹೊರಗಿದ್ದಾಗ ಕಡಿಮೆ ಕಂಡಿತೆಂದು ತುಂಬಿಸಿದರೆ, ಒಳಗೆ ಎಳೆದಾಗ ಉಕ್ಕಿ ಚೆಲ್ಲುತ್ತದೆ. ಮಳೆಗಾಲ ಪೂರ್ತಿ ಗಾಡಿ ಶೆಡ್ಡಿನಲ್ಲೇ ಇದ್ದರೂ ತಿಂಗಳಿಗೊಮ್ಮೆ ಕಾಲು ಇಳಿಸಿ ಏರಿಸಿ.

ಟಯರ್ ಪಂಕ್ಚರ್ ಆದ್ರೆ ಇದರಲ್ಲೇ ಎತ್ತಿ ಬದಲಿಸಬಹುದಲ್ಲ?

ಕಂಪನಿ ಪುಸ್ತಕದಲ್ಲಿ ಮಾಡಬಹುದು ಎಂದು ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ, ಅದೂ ಸಮತಟ್ಟು ಗಟ್ಟಿ ನೆಲದಲ್ಲಿ, ಚಾಸಿಯ ಕೆಳಗೆ ಸ್ಟ್ಯಾಂಡ್ ಕೊಟ್ಟು. ಗಾಡಿ ಈ ಕಾಲುಗಳ ಮೇಲೆ ಮಾತ್ರ ನಿಂತಿರುವಾಗ ಅಡಿಗೆ ನುಸುಳಬಾರದು, ಮೆಕ್ಯಾನಿಕ್ ಎಷ್ಟೇ ಅನುಭವಸ್ಥನಾದರೂ ಅವನನ್ನೂ ಬಿಡಬಾರದು. ಸಂಪಾಜೆ ಘಾಟಿಯ ತಿರುವಿನಲ್ಲಿ ಪಂಕ್ಚರ್ ಆದರೆ ಮಾಮೂಲಿ ಬಾಟಲ್ ಜಾಕೇ ಸರಿ; ಅದನ್ನು ಸ್ಟೆಪ್ನಿಯ ಪಕ್ಕದಲ್ಲೇ ಇಟ್ಟಿರಿ.